ಸ್ಟೇನ್‌ಲೆಸ್ ಸ್ಟೀಲ್ ಬೆಸುಗೆಯಲ್ಲಿ ಆರ್ಗಾನ್ ಅನಿಲವನ್ನು ಬಳಸುವ ಕ್ರಮ

ಟಂಗ್‌ಸ್ಟನ್ ಕಡ್ಡಿಯ ತುದಿಯಿಂದ ಆರ್ಕ್ ಹೊತ್ತಿಸಿ, ಜಡಾನಿಲದ ರಕ್ಷಣೆಯಲ್ಲಿ ಬೆಸೆಯುವುದಕ್ಕೆ ನಮ್ಮ ಫ್ಯಾಬ್ರಿಕೇಶನ್ ಶೆಡ್ಡುಗಳಲ್ಲಿ ಟಿಗ್ ವೆಲ್ಡಿಂಗ್ ಎನ್ನುವವರು ಕಡಿಮೆ, ಆರ್ಗಾನ್ ವೆಲ್ಡಿಂಗ್ ಎನ್ನುವವರೇ ಹೆಚ್ಚು. ಲೋಹವನ್ನು ಕರಗಿಸುವುದು ವಿದ್ಯುತ್ತಿನ ಆರ್ಕ್. ಆರ್ಗಾನ್ ತಾನಾಗಿ ಉರಿಯುವುದೂ ಇಲ್ಲ, ಉರಿಸುವುದೂ ಇಲ್ಲ, ಕರಗಿದ ಲೋಹಕ್ಕೆ ಗಾಳಿ ತಾಗದಂತೆ ಕಾಯುತ್ತದೆ ಅಷ್ಟೆ. ಆದರೂ ಆ ಹೆಸರು ನಿಂತಿರುವುದು ಸರಿಯಾಗಿಯೇ ಇದೆ, ಏಕೆಂದರೆ ಸ್ಟೇನ್‌ಲೆಸ್ ಸ್ಟೀಲಿನ ಕೆಲಸ ಚೆನ್ನಾಗಿ ಬಂತೋ ಕೆಟ್ಟಿತೋ ಎಂಬುದು ಬಹುಮಟ್ಟಿಗೆ ಈ ಅನಿಲವನ್ನು ನಾವು ಹೇಗೆ ನಡೆಸಿಕೊಂಡೆವು ಎಂಬುದನ್ನೇ ಅವಲಂಬಿಸಿರುತ್ತದೆ.

ಆರ್ಗಾನ್ 18ನೆಯ ಪರಮಾಣು ಸಂಖ್ಯೆಯ ಜಡಾನಿಲ. ಅದರ ಹೊರಕವಚದಲ್ಲಿ ಎಂಟು ಇಲೆಕ್ಟ್ರಾನುಗಳು ಭರ್ತಿಯಾಗಿರುವುದರಿಂದ ಕಾದು ಕರಗಿದ ಲೋಹದೊಡನೆಯೂ ಅದು ಸೇರುವುದಿಲ್ಲ. ಗಾಳಿಯಿಂದ ಪಡೆದ ಸಾರಜನಕ ಒಂದು ಲೀಟರಿಗೆ 1.257 ಗ್ರಾಂ ತೂಗಿದರೆ, ರಾಸಾಯನಿಕಗಳಿಂದ ತಯಾರಿಸಿದ ಸಾರಜನಕ 1.250 ಗ್ರಾಂ ಮಾತ್ರ ತೂಗುವುದನ್ನು ಬ್ರಿಟಿಷ್ ಭೌತವಿಜ್ಞಾನಿ ಲಾರ್ಡ್ ರೇಲಿ ಗಮನಿಸಿದರು. ಆ ಚೂರು ವ್ಯತ್ಯಾಸವನ್ನು ತಳ್ಳಿಹಾಕದೆ ಬೆನ್ನು ಹತ್ತಿದ್ದರಿಂದಲೇ 1894ರಲ್ಲಿ ಅವರಿಗೂ ರಸಾಯನವಿಜ್ಞಾನಿ ವಿಲಿಯಂ ರಾಮ್ಸೆಯವರಿಗೂ ಈ ಧಾತು ದೊರಕಿತು. ಗ್ರೀಕ್ ಭಾಷೆಯಲ್ಲಿ ‘ಸೋಮಾರಿ’ ಎಂಬ ಅರ್ಥದ ಪದದಿಂದ ಅದಕ್ಕೆ ಹೆಸರಿಟ್ಟರು. ನಾವು ಉಸಿರಾಡುವ ಗಾಳಿಯಲ್ಲಿ ಶೇಕಡಾ 0.93ರಷ್ಟು ಇರುವುದು ಇದೇ. ದ್ರವೀಕರಿಸಿದ ಗಾಳಿಯಿಂದ ಆಮ್ಲಜನಕವನ್ನು ಬೇರ್ಪಡಿಸುವ ಘಟಕಗಳಲ್ಲಿ ಆರ್ಗಾನ್ ಜೊತೆಯಲ್ಲೇ ದೊರೆಯುತ್ತದೆ. ಇದೇ ಕೆಲಸಕ್ಕೆ ಬಳಸುವ ಇನ್ನೊಂದು ಜಡಾನಿಲವಾದ ಹೀಲಿಯಂಗೆ ಹೋಲಿಸಿದರೆ ಅದು ನಮ್ಮ ಸಣ್ಣ ಶೆಡ್ಡುಗಳ ಕೈಗೆಟುಕುವ ಬೆಲೆಗೆ ಸಿಗುವುದಕ್ಕೆ ಇದೇ ಕಾರಣ.

ಬೆಸುಗೆಗಾರನಿಗೆ ಮುಖ್ಯವಾದ ಇನ್ನೊಂದು ಗುಣ ಅದರ ತೂಕ. ಗಾಳಿಗಿಂತ ಆರ್ಗಾನ್ ಸುಮಾರು 1.4 ಪಟ್ಟು ಭಾರವಾಗಿರುವುದರಿಂದ ಮೇಜಿನ ಮೇಲಿನ ಕೆಲಸದಲ್ಲಿ ಅದು ಕರಗಿದ ಲೋಹದ ಮೇಲೆ ಕಂಬಳಿಯಂತೆ ಕೂರುತ್ತದೆ. ಹಗುರವಾದ ಹೀಲಿಯಂ ಮೇಲೇರಿ ಹೋಗುತ್ತದೆ, ಆದ್ದರಿಂದ ಅಷ್ಟೇ ರಕ್ಷಣೆಗೆ ಎರಡು ಮೂರು ಪಟ್ಟು ಅನಿಲ ಬೇಕಾಗುತ್ತದೆ.

ಸಿಲಿಂಡರ್ ತರಿಸುವಾಗ ಬಣ್ಣವನ್ನಷ್ಟೇ ನೋಡದೆ ಚೀಟಿಯನ್ನು ಓದಬೇಕು. ಟಿಗ್ ಕೆಲಸಕ್ಕೆ ಶೇಕಡಾ 99.99ಕ್ಕೆ ಕಡಿಮೆಯಿಲ್ಲದ ಶುದ್ಧ ಆರ್ಗಾನ್ ಬೇಕು. ತಂತಿಯನ್ನೇ ಕರಗಿಸಿ ಬೆಸೆಯುವ ಮಿಗ್ ಯಂತ್ರಕ್ಕೆಂದು ಬರುವ, ಇಂಗಾಲದ ಡೈಆಕ್ಸೈಡ್ ಬೆರೆಸಿದ ಸಿಲಿಂಡರನ್ನು ತಪ್ಪಿ ಜೋಡಿಸಿದರೆ ಟಂಗ್‌ಸ್ಟನ್ ತುದಿ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ಗೋಡೆಗೋ ಟ್ರಾಲಿಗೋ ಸರಪಳಿಯಿಂದ ಕಟ್ಟಬೇಕು. ರೆಗ್ಯುಲೇಟರ್ ಹಾಕುವ ಮೊದಲು ಪಕ್ಕಕ್ಕೆ ನಿಂತು ವಾಲ್ವನ್ನು ಒಂದು ಕ್ಷಣ ಸ್ವಲ್ಪವೇ ತೆರೆದು ಮುಚ್ಚಿದರೆ ಬಾಯಲ್ಲಿ ಕೂತ ಧೂಳು ಹಾರಿಹೋಗುತ್ತದೆ. ಜೋಡಿಸಿದ ಮೇಲೆ ಪ್ರತಿ ಸೇರುವೆಗೂ ಸಾಬೂನಿನ ನೀರು ಹಚ್ಚಿ ಗುಳ್ಳೆ ಏಳುವುದೇ ಎಂದು ನೋಡಬೇಕು. ವಾಸನೆಯಿಲ್ಲದ ಅನಿಲದ ಸೋರಿಕೆಯನ್ನು ಮೂಗು ಹೇಳಲಾರದು.

ಸಾಮಾನ್ಯ ಉಷ್ಣತೆಯಲ್ಲಿ ಆರ್ಗಾನ್ ಸಿಲಿಂಡರಿನೊಳಗೆ ದ್ರವವಾಗುವುದಿಲ್ಲ, ಆದ್ದರಿಂದ ಗೇಜಿನ ಮುಳ್ಳು ಎಷ್ಟು ಇಳಿಯಿತೋ ಅಷ್ಟು ಅನಿಲ ಖರ್ಚಾಗಿದೆ ಎಂದೇ ಲೆಕ್ಕ. 150 ಬಾರ್ ಒತ್ತಡದಲ್ಲಿ ತುಂಬಿದ 47 ಲೀಟರ್ ಸಿಲಿಂಡರಿನಲ್ಲಿ ಸುಮಾರು 7,000 ಲೀಟರ್ ಅನಿಲವಿರುತ್ತದೆ. ನಿಮಿಷಕ್ಕೆ 8 ಲೀಟರಿನಂತೆ ಬಿಟ್ಟರೆ ಹದಿನಾಲ್ಕು ಗಂಟೆಗೂ ಸ್ವಲ್ಪ ಹೆಚ್ಚು ಹೊತ್ತು ಬರುತ್ತದೆ. ಪೂರ್ತಿ ಬರಿದು ಮಾಡದೆ ಒಂದೆರಡು ಬಾರ್ ಉಳಿಸಿ ಹಿಂದಿರುಗಿಸುವುದು ಒಳ್ಳೆಯದು, ಇಲ್ಲವಾದರೆ ತೇವದ ಗಾಳಿ ಒಳಹೊಗುತ್ತದೆ.

ಸಾಧಾರಣ ತಗಡಿನ ಕೆಲಸಕ್ಕೆ ನಿಮಿಷಕ್ಕೆ 6ರಿಂದ 10 ಲೀಟರ್ ಸಾಕು. ಬೆಸುಗೆ ಕಪ್ಪಾದ ಕೂಡಲೇ ಫ್ಲೋ ಮೀಟರನ್ನು 20ಕ್ಕೆ ಏರಿಸುವ ಅಭ್ಯಾಸವನ್ನು ನಾನು ಅನೇಕ ಕಡೆ ಕಂಡಿದ್ದೇನೆ, ಅದು ತಪ್ಪು. ಟಾರ್ಚಿನ (ಕೈಯಲ್ಲಿ ಹಿಡಿಯುವ ಬೆಸುಗೆಯ ಸಾಧನ) ತುದಿಯ ಸಣ್ಣ ಬಟ್ಟಲಿನಂಥ ಬಾಯಿಂದ ರಭಸವಾಗಿ ಹೊರಟ ಅನಿಲ ಸುಳಿಯಾಗಿ ತಿರುಗಿ ಸುತ್ತಲಿನ ಗಾಳಿಯನ್ನು ತಾನೇ ಒಳಗೆಳೆದುಕೊಳ್ಳುತ್ತದೆ. ಮೊದಲು ಫ್ಯಾನ್ ನಿಲ್ಲಿಸಿರಿ. ಒಮ್ಮೆ ರೇಲಿಂಗ್ ಕೆಲಸವೊಂದರಲ್ಲಿ ನಾನು ಬೆಳಗಿನಿಂದ ಟಂಗ್‌ಸ್ಟನ್ ಬದಲಿಸುತ್ತ, ಅನಿಲವನ್ನೇ ಸಂದೇಹಿಸುತ್ತ ಕುಳಿತಿದ್ದೆ. ಬೆನ್ನ ಹಿಂದೆ ತಿರುಗುತ್ತಿದ್ದ ಪೆಡೆಸ್ಟಲ್ ಫ್ಯಾನನ್ನು ಆರಿಸಿದ ಮರುಕ್ಷಣವೇ ಬೆಸುಗೆ ಹೊನ್ನಿನ ಬಣ್ಣಕ್ಕೆ ತಿರುಗಿತು.

ಆ ಬಣ್ಣವನ್ನು ಓದಲು ಕಲಿತವನಿಗೆ ಬೇರೆ ಪರೀಕ್ಷೆ ಅಷ್ಟಾಗಿ ಬೇಕಾಗುವುದಿಲ್ಲ. ಬೆಳ್ಳಿಯ ಹೊಳಪು ಅಥವಾ ತಿಳಿ ಒಣಹುಲ್ಲಿನ ಬಣ್ಣವಿದ್ದರೆ ರಕ್ಷಣೆ ಪೂರ್ತಿ ದೊರೆತಿದೆ. ನೀಲಿ ಬಂದರೆ ಲೋಹ ಬಿಸಿಯಿರುವಾಗಲೇ ಗಾಳಿ ತಾಗಿದೆ. ಬೂದಿಗಟ್ಟಿ ಒರಟಾಗಿದ್ದರೆ ಮೇಲ್ಪದರದ ಕ್ರೋಮಿಯಂ ಆಕ್ಸೈಡಾಗಿದ್ದು, ನೀರು ತಾಗುವ ಜಾಗದಲ್ಲಿ ಅಲ್ಲಿಂದಲೇ ತುಕ್ಕು ಹಿಡಿಯುತ್ತದೆ. ಆರ್ಕ್ ನಿಂತೊಡನೆ ಟಾರ್ಚನ್ನು ಎತ್ತುವುದು ಬೆಸುಗೆಯ ಕೊನೆಯ ತುದಿ ಕಪ್ಪಾಗಲು ಸಾಮಾನ್ಯ ಕಾರಣ. ಪ್ರತಿ 10 ಆಂಪಿಯರಿಗೆ ಒಂದು ಸೆಕೆಂಡಿನಂತೆ ಪೋಸ್ಟ್ ಫ್ಲೋ, ಅಂದರೆ ಆರ್ಕ್ ನಿಂತ ಮೇಲೂ ಹರಿಯುವ ಅನಿಲ, ಇರಿಸಿ, ಕೆಂಪು ಆರುವವರೆಗೆ ಟಾರ್ಚನ್ನು ಅಲ್ಲೇ ಹಿಡಿದಿರಬೇಕು. ಟಂಗ್‌ಸ್ಟನ್ ತುದಿಯೂ ಆಗ ಬೆಳ್ಳಗೆ ಉಳಿಯುತ್ತದೆ.

ಹಾಲು ಅಥವಾ ಕುಡಿಯುವ ನೀರು ಹರಿಯುವ ಕೊಳವೆಯಾದರೆ ಒಳಮೈಗೂ ಆರ್ಗಾನ್ ಕೊಡಬೇಕು, ಇಲ್ಲದಿದ್ದರೆ ಒಳಗೆ ಬೆಸುಗೆ ಸಕ್ಕರೆಯ ಹರಳಿನಂತೆ ಒರಟಾಗಿ ಉಬ್ಬಿ, ಹಾಲಿನ ಕೊಳೆ ಅಲ್ಲಿ ಕೂತು ಎಷ್ಟು ತೊಳೆದರೂ ಹೋಗುವುದಿಲ್ಲ. ಎರಡೂ ಬಾಯಿಗಳನ್ನು ಮುಚ್ಚಿ, ಅನಿಲ ಭಾರವಾದ್ದರಿಂದ ಕೆಳಗಿನಿಂದ ಒಳಬಿಟ್ಟು, ಗಾಳಿ ಹೊರಹೋಗಲು ಮೇಲ್ಭಾಗದಲ್ಲಿ ಸಣ್ಣ ತೂತು ಇರಿಸಬೇಕು. 50 ಮಿಲಿಮೀಟರ್ ಒಳವ್ಯಾಸದ ಒಂದು ಮೀಟರ್ ಕೊಳವೆಯಲ್ಲಿ ಸುಮಾರು 2 ಲೀಟರ್ ಗಾಳಿ ಇರುತ್ತದೆ. ಅದರ ಐದಾರು ಪಟ್ಟು, ಅಂದರೆ 10ರಿಂದ 12 ಲೀಟರ್ ಆರ್ಗಾನ್ ಹರಿದ ಮೇಲೆ ಬೆಸುಗೆ ಆರಂಭಿಸಬಹುದು. ಕೊನೆಯ ಸಂದು ಮುಚ್ಚುವಾಗ ಒಳಹರಿವನ್ನು ತಗ್ಗಿಸದಿದ್ದರೆ ಒತ್ತಡಕ್ಕೆ ಕರಗಿದ ಲೋಹ ಹೊರಕ್ಕೆ ಚಿಮ್ಮುತ್ತದೆ.

ಈ ಅನಿಲಕ್ಕೆ ವಿಷವಿಲ್ಲ ಎಂಬ ಮಾತನ್ನು ಕೇಳಿ ಯಾರೂ ಮೈಮರೆಯಬಾರದು. ಟ್ಯಾಂಕು, ಗುಂಡಿ, ನೆಲಮಾಳಿಗೆಗಳ ತಳದಲ್ಲಿ ಆರ್ಗಾನ್ ತುಂಬುತ್ತ ಹೋದಂತೆ ಆಮ್ಲಜನಕ ಕಡಿಮೆಯಾಗುತ್ತದೆ. ನಮಗೆ ಉಸಿರುಗಟ್ಟಿದಂತೆ ಅನಿಸುವುದು ಮುಖ್ಯವಾಗಿ ದೇಹದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದಾಗ. ಆರ್ಗಾನ್ ತುಂಬಿದಲ್ಲಿ ಅದು ಎಂದಿನಂತೆ ಹೊರಹೋಗುತ್ತಲೇ ಇರುವುದರಿಂದ ಯಾವ ಸಂಕಟವೂ ಕಾಣದೆ ಮನುಷ್ಯ ಕುಸಿಯುತ್ತಾನೆ. ಆಮ್ಲಜನಕ ಶೇಕಡಾ 19.5ಕ್ಕಿಂತ ಕೆಳಗಿಳಿದ ಜಾಗಕ್ಕೆ ಇಳಿಯಲೇಬಾರದು, ಅದನ್ನು ಅಳೆಯುವ ಮೀಟರ್ ಇಲ್ಲದೆ ಟ್ಯಾಂಕಿನ ಕೆಲಸ ಒಪ್ಪಿಕೊಳ್ಳಬಾರದು. ಒಳಗಿನ ಕೆಲಸಕ್ಕೆ ಗಾಳಿ ಊದುವ ಬ್ಲೋವರ್ ಇರಬೇಕು, ಬಾಯಿಯ ಬಳಿ ಕಣ್ಣಿಟ್ಟು ಕಾಯುವವನೊಬ್ಬ ಇರಬೇಕು. ಒಳಗಿದ್ದವನು ಬಿದ್ದರೆ ಕಾಯುವವನು ಹಾಗೆಯೇ ಹಿಂದೆ ಧುಮುಕಬಾರದು, ಮೊದಲೇ ಕಟ್ಟಿದ ಹಗ್ಗದಿಂದ ಮೇಲೆಳೆಯಬೇಕು. ಊಟಕ್ಕೆ ಎದ್ದಾಗ ಸಿಲಿಂಡರಿನ ವಾಲ್ವ್ ಮುಚ್ಚಿ, ಟಾರ್ಚನ್ನು ಟ್ಯಾಂಕಿನಿಂದ ಹೊರಗೆ ತೆಗೆದು ನೇತುಹಾಕಬೇಕು. ಸಣ್ಣಗೆ ಸೋರುವ ಟಾರ್ಚ್ ಒಂದು ಗಂಟೆಯೊಳಗೆ ಚಿಕ್ಕ ಟ್ಯಾಂಕಿನ ತಳವನ್ನು ತುಂಬಿಬಿಡಬಲ್ಲದು.