ಶಿಲ್ಪ ಇಡುವ ಮೊದಲು ಟಾರ್ಚ್ ಹಿಡಿದು ನೋಡಿ

ಹೊಸದಾಗಿ ಒಂದು ಶಿಲ್ಪ ಮನೆಗೆ ಬಂದ ದಿನ ನಾನು ತಕ್ಷಣ ಅದಕ್ಕೆ ಜಾಗ ಹುಡುಕುವುದಿಲ್ಲ. ಕತ್ತಲಾಗುವವರೆಗೆ ಕಾಯುತ್ತೇನೆ. ಆಮೇಲೆ ಕೋಣೆಯ ದೀಪ ಆರಿಸಿ, ಟಾರ್ಚ್ ಹಿಡಿದು ಅದರ ಸುತ್ತ ಒಂದು ಸುತ್ತು ಬರುತ್ತೇನೆ. ಮನೆಯವರಿಗೆಲ್ಲ ಇದೊಂದು ತಮಾಷೆ. ನೀವೂ ಒಮ್ಮೆ ಮಾಡಿ ನೋಡಿ. ಎದುರಿನಿಂದ ನೇರ ಬೆಳಕು ಬಿಟ್ಟರೆ ಮುಖ ತಟ್ಟೆಯ ಹಾಗೆ ಚಪ್ಪಟೆ. ಟಾರ್ಚನ್ನು ಮೆಲ್ಲಗೆ ಪಕ್ಕಕ್ಕೆ, ಸ್ವಲ್ಪ ಮೇಲಕ್ಕೆ ತನ್ನಿ. ಮೂಗಿನ ನೆರಳು ಕೆನ್ನೆಗೆ ಬೀಳುತ್ತದೆ, ಬಟ್ಟೆಯ ನೆರಿಗೆ ಒಂದೊಂದಾಗಿ ಏಳುತ್ತದೆ, ಉಳಿಯ ಗುರುತು ಕೂಡ ಕಾಣಿಸುತ್ತದೆ. ಕೆಳಗಿನಿಂದ ಬಿಟ್ಟರೋ, ಎಂಥ ಸೌಮ್ಯ ಮುಖವೂ ದೆವ್ವದ ಮುಖ! ಟಾರ್ಚ್ ಎಲ್ಲಿದ್ದಾಗ ಶಿಲ್ಪಕ್ಕೆ ಜೀವ ಬಂತೋ, ದೀಪ ಅಲ್ಲಿರಬೇಕು. ಹಗಲಿಗಾದರೆ ಪಕ್ಕದಲ್ಲೊಂದು ಕಿಟಕಿ ಸಾಕು.

ಕಿಟಕಿಗೆ ಬೆನ್ನು ಮಾಡಿ ಮಾತ್ರ ಇಡಬೇಡಿ, ಬರೀ ಕಪ್ಪು ಆಕಾರ ಕಾಣುತ್ತದೆ. ಆದರೆ ತಂತಿಯಿಂದಲೋ ತೆಳ್ಳನೆ ಲೋಹದಿಂದಲೋ ಮಾಡಿದ ಆಧುನಿಕ ಶಿಲ್ಪಕ್ಕೆ ಈ ಮಾತು ಅನ್ವಯಿಸುವುದಿಲ್ಲ. ಅದರ ಚೆಂದವೆಲ್ಲ ಗೆರೆಯಲ್ಲಿದೆ, ಬೆಳಕಿನ ಎದುರು ಗೆರೆ ಇನ್ನೂ ಚುರುಕಾಗುತ್ತದೆ. ಬಿಳಿ ಗೋಡೆಯ ಹತ್ತಿರ ಇಟ್ಟು ಒಂದೇ ಒಂದು ದೀಪ ಹಾಕಿದರೆ ಗೋಡೆಯ ಮೇಲೆ ಬೀಳುವ ನೆರಳೇ ಇನ್ನೊಂದು ಶಿಲ್ಪ.

ಹೆಚ್ಚಿನ ಮನೆಗಳಲ್ಲಿ ನಾನು ಕಾಣುವ ತಪ್ಪು ಒಂದೇ, ಜಾಸ್ತಿ ಇಡುವುದು. ಒಂದು ಶೆಲ್ಫಿನಲ್ಲಿ ಹದಿನೈದು ಗೊಂಬೆ ಒತ್ತಿಕೊಂಡು ನಿಂತರೆ ಬಸ್ಸಿಗೆ ಕಾಯುವ ಜನರ ಹಾಗಿರುತ್ತದೆ, ಯಾರ ಮುಖವೂ ನೆನಪಿರುವುದಿಲ್ಲ. ಚಿತ್ರವಾದರೆ ಎದುರಿನಿಂದ ನೋಡಿದರೆ ಮುಗಿಯಿತು. ಶಿಲ್ಪಕ್ಕೆ ಬೆನ್ನೂ ಇದೆ, ಪಕ್ಕೆಯೂ ಇದೆ. ಸುತ್ತ ಕೈ ಹಾಯುವಷ್ಟಾದರೂ ಖಾಲಿ ಬಿಡಿ. ಗೋಡೆಗೆ ಒರಗಿಸಲೇಬೇಕಾದರೆ ಹಿಂದೆ ಹೂವಿನ ವಾಲ್‌ಪೇಪರ್ ಬೇಡ. ಕಪ್ಪು ಕಲ್ಲಿಗೆ ತಿಳಿ ಬಣ್ಣದ ಗೋಡೆ, ಬಿಳಿ ಅಮೃತಶಿಲೆಗೆ ಸ್ವಲ್ಪ ಗಾಢ ಬಣ್ಣ.

ಎತ್ತರದ ಲೆಕ್ಕವೂ ಸುಲಭ. ಜನ ನಿಂತು ನೋಡುವ ಕಾರಿಡಾರಿನಲ್ಲೋ ಬಾಗಿಲ ಬಳಿಯೋ ಆದರೆ ಶಿಲ್ಪದ ಮುಖ ನೆಲದಿಂದ ಸುಮಾರು 150 ಸೆಂಟಿಮೀಟರ್ ಎತ್ತರಕ್ಕೆ ಬರಲಿ. ಕೂತು ಮಾತಾಡುವ ಕೋಣೆಯಲ್ಲಿ 110 ಸಾಕು. ಪೀಠದ ಬಗ್ಗೆ ಅಸಡ್ಡೆ ಬೇಡ. ಬ್ರಾಂಕೂಸಿ ಎಂಬ ಶಿಲ್ಪಿ ತನ್ನ ಎಷ್ಟೋ ಕೃತಿಗಳಿಗೆ ಪೀಠವನ್ನೂ ತಾನೇ ಕೆತ್ತುತ್ತಿದ್ದ, ಅದೂ ಕೃತಿಯ ಭಾಗ ಎಂಬಂತೆ. ಹಳೆಯ ಕಲ್ಲಿನ ತಲೆಯೊಂದನ್ನು ಕುಸುರಿ ಕೆಲಸದ ಮೇಜಿನ ಮೇಲಿಟ್ಟರೆ ಎರಡೂ ಜಗಳಕ್ಕೆ ನಿಲ್ಲುತ್ತವೆ. ಅದೇ ತಲೆಯನ್ನು ಸಾದಾ ಮರದ ದಿಮ್ಮಿಯ ಮೇಲೋ ಕಬ್ಬಿಣದ ಸ್ಟ್ಯಾಂಡ್ ಮೇಲೋ ಇಡಿ, ಗಂಭೀರವಾಗಿ ಕೂರುತ್ತದೆ.

ಹಳೆಯದೂ ಹೊಸದೂ ಒಂದೇ ಕೋಣೆಯಲ್ಲಿ ಹೊಂದುತ್ತವೆಯಾ ಎಂದು ತುಂಬಾ ಜನ ಕೇಳುತ್ತಾರೆ. ಹೊಂದುತ್ತವೆ, ನಡುವೆ ಏನಾದರೂ ನಂಟಿರಬೇಕು ಅಷ್ಟೇ. ನನ್ನ ಬಳಿ ಅಂಗೈಯಷ್ಟು ದೊಡ್ಡ ಹಳೇ ಕಂಚಿನ ಕುದುರೆ ಇದೆ, ಕತ್ತು ಬಾಗಿಸಿ ನಿಂತಿದೆ. ಅದರ ಪಕ್ಕ ಏನೇನೋ ಇಟ್ಟು ನೋಡಿದೆ, ಯಾವುದೂ ಸರಿಹೋಗಲಿಲ್ಲ. ಕೊನೆಗೆ ಒಪ್ಪಿದ್ದು ಬಾಗಿದ ಒಂದು ಉಕ್ಕಿನ ಪಟ್ಟಿ, ಈಗಿನ ಕಾಲದ್ದು. ಕುದುರೆಯ ಕತ್ತಿನ ಬಾಗು, ಪಟ್ಟಿಯ ಬಾಗು ಎರಡೂ ಒಂದೇ. ಒಂದೇ ಥರದ ಬಾಗು ಸಿಗದಿದ್ದರೆ ಒಂದೇ ಲೋಹವೋ ಒಂದೇ ಬಣ್ಣವೋ ಇದ್ದರೂ ನಡೆಯುತ್ತದೆ. ಎರಡೂ ಒಂದೇ ಎತ್ತರ ಮಾತ್ರ ಬೇಡ, ಪೋಟಿಗೆ ಇಳಿದ ಹಾಗೆ ಕಾಣುತ್ತವೆ. ಇನ್ನು ತೂಗುವ ಶಿಲ್ಪಗಳು. ಅಮೆರಿಕದ ಶಿಲ್ಪಿ ಅಲೆಕ್ಸಾಂಡರ್ ಕಾಲ್ಡರ್ ಮಾಡಿದ ಚಲಿಸುವ ಕೃತಿಗಳಿಗೆ 1931ರಲ್ಲಿ ‘ಮೊಬೈಲ್’ ಎಂದು ಹೆಸರಿಟ್ಟವನು ಫ್ರೆಂಚ್ ಕಲಾವಿದ ಮಾರ್ಸೆಲ್ ದುಶಾಂ. ಆ ಜಾತಿಯವನ್ನು ಫ್ಯಾನಿನ ಕೆಳಗೆ ಕಟ್ಟಬೇಡಿ. ಜನ ಓಡಾಡುವಾಗ ಏಳುವ ಗಾಳಿಯೇ ಅದಕ್ಕೆ ಸಾಕು.

ಭಾರವನ್ನು ಕಣ್ಣಳತೆಯಲ್ಲಿ ನಂಬಬೇಡಿ. ಒಂದು ಘನ ಅಡಿ ಗ್ರಾನೈಟ್ ಸುಮಾರು 75 ಕಿಲೋ ತೂಗುತ್ತದೆ. ಗಟ್ಟಿ ಕಂಚಾದರೆ 250 ಕಿಲೋ. ದೊಡ್ಡ ಕಂಚಿನ ಶಿಲ್ಪಗಳನ್ನು ಒಳಗೆ ಟೊಳ್ಳಾಗಿ ಎರಕ ಹೊಯ್ಯುವುದಕ್ಕೆ ಇದೂ ಒಂದು ಕಾರಣ. ಗಾಜಿನ ಶೆಲ್ಫು, ಗೋಡೆಗೆ ಎರಡು ಮೊಳೆ ಹೊಡೆದ ಹಲಗೆ, ಇವೆಲ್ಲ ಹಗುರ ವಸ್ತುಗಳಿಗೆ. ಪೆಟ್ಟಿಗೆಯಂಥ ಪೀಠವಿದ್ದರೆ ಒಳಗೆ ಒಂದು ಮರಳಿನ ಚೀಲ ಹಾಕಿ, ಮಗು ಡಿಕ್ಕಿ ಹೊಡೆದರೂ ಅಲುಗುವುದಿಲ್ಲ. ಎತ್ತುವಾಗ ಕೈ, ಕಿವಿ, ಬಾಲ ಹಿಡಿದು ಎತ್ತಲೇಬಾರದು. ಹಳೆಯದರಲ್ಲಿ ಮೊದಲು ಮುರಿದು ಅಂಟಿಸಿರುವುದು ಅಲ್ಲೇ. ಉಂಗುರ, ಬಳೆ ತೆಗೆದಿಟ್ಟು, ಒಂದು ಕೈ ಬುಡಕ್ಕೆ, ಇನ್ನೊಂದು ಬೆನ್ನಿಗೆ.

ಈಗ ನನ್ನ ಮೂರ್ಖತನದ ಕಥೆ. ಆ ಕುದುರೆ ಬಂದ ಹೊಸತರಲ್ಲಿ ಕಂದು ಹಸಿರು ಬಣ್ಣಕ್ಕೆ ತಿರುಗಿತ್ತು. ಕೊಳೆ ಅಂದುಕೊಂಡು ಹುಳಿ ಹಚ್ಚಿ, ಬ್ರಷ್ ಹಿಡಿದು ಚೆನ್ನಾಗಿ ತಿಕ್ಕಿದೆ. ಪಳಪಳ ಹೊಳೆಯಿತು. ಹೊಸ ಹಿತ್ತಾಳೆ ನಲ್ಲಿ ಇದ್ದ ಹಾಗೆ! ಎಷ್ಟೋ ವರ್ಷ ಕೂತು ಬಂದ ಬಣ್ಣ ಅರ್ಧ ಗಂಟೆಯಲ್ಲಿ ಹೋಯಿತು. ಆ ಪದರಕ್ಕೆ ಪಟಿನಾ ಅನ್ನುತ್ತಾರೆ. ಅದು ಲೋಹದ ಚರ್ಮ ಇದ್ದ ಹಾಗೆ, ಹಳೆಯ ವಸ್ತುವಿನ ಬೆಲೆಯೂ ಅರ್ಧ ಅದರಲ್ಲೇ ಇದೆ. ಹಾಗಂತ ಎಲ್ಲ ಹಸಿರೂ ಒಳ್ಳೆಯದಲ್ಲ. ಬೆರಳಿಗೆ ಅಂಟುವ ತಿಳಿಹಸಿರು ಪುಡಿ ಅಲ್ಲಲ್ಲಿ ಚುಕ್ಕೆಯಾಗಿ ಎದ್ದರೆ ಅದು ಕಂಚಿನ ರೋಗ. ಕ್ಲೋರೈಡ್ ಉಪ್ಪು, ತೇವ ಎರಡೂ ಸೇರಿ ಲೋಹವನ್ನು ಒಳಗಿಂದ ತಿನ್ನುತ್ತಿರುತ್ತವೆ. ಅಂಥದ್ದನ್ನು ಒಣ ಜಾಗದಲ್ಲಿ ಬೇರೆ ಇಟ್ಟು, ಹಳೆಯ ವಸ್ತು ಸಂರಕ್ಷಿಸುವವರಿಗೆ ತೋರಿಸಿ.

ದಿನದ ಧೂಳಿಗೆ ಮೆತ್ತನೆ ಪೇಂಟ್ ಬ್ರಷ್ ಸಾಕು. ಬಟ್ಟೆ ಬೇಡ, ದಾರ ಸಿಕ್ಕಿಕೊಂಡು ಚೂರು ಕಿತ್ತು ಬರುತ್ತದೆ. ಅಮೃತಶಿಲೆಯ ಹತ್ತಿರ ನಿಂಬೆರಸ, ವಿನೆಗರ್ ಸುಳಿಯಲೂ ಬಾರದು, ಹುಳಿ ಅದರ ಮೈಯನ್ನೇ ಕರಗಿಸುತ್ತದೆ. ಎಣ್ಣೆಯನ್ನೂ ಅದು ಕುಡಿದುಬಿಡುತ್ತದೆ, ಕಲೆ ಮತ್ತೆ ಸುಲಭಕ್ಕೆ ಹೋಗುವುದಿಲ್ಲ. ಮರದ ಶಿಲ್ಪಕ್ಕೆ ನೇರ ಬಿಸಿಲು, ಎಸಿಯ ಗಾಳಿ ಎರಡೂ ಶತ್ರು. ಅದರ ಬುಡದಲ್ಲಿ ಬೆಳಿಗ್ಗೆ ಹಿಟ್ಟಿನಂಥ ಪುಡಿ ಕಂಡರೆ ಒಳಗೆ ಕುಟ್ಟೆ ಹುಳ ಇದೆ ಅಂತ ಅರ್ಥ, ಅವತ್ತೇ ಉಳಿದ ಮರದ ಸಾಮಾನಿನಿಂದ ದೂರ ಮಾಡಿ. ತುಕ್ಕು ಹಿಡಿಸಿದ ಉಕ್ಕಿನ ಆಧುನಿಕ ಶಿಲ್ಪ ನೋಡಲು ಚೆಂದ, ನೆಲದ ಮೇಲೆ ಕೆಂಪು ಕಲೆ ಬಿಡುತ್ತದೆ, ಕೆಳಗೊಂದು ತಟ್ಟೆ ಇರಲಿ. ಹಳೆಯದರ ಸಂದಿಯಲ್ಲಿ ಬಣ್ಣದ ತುಣುಕು ಕಂಡರೆ ಕೆರೆಯಬೇಡಿ. ಪ್ರಾಚೀನ ಗ್ರೀಕರ ಬಿಳಿ ಶಿಲ್ಪಗಳು ಕೂಡ ಒಂದು ಕಾಲದಲ್ಲಿ ಬಣ್ಣ ಬಳಿದುಕೊಂಡಿದ್ದವೇ.

ಕೊಳ್ಳುವಾಗ ಒಮ್ಮೆ ಮುಟ್ಟಿ ನೋಡಿ. ಕಲ್ಲು ತುಂಬ ಹೊತ್ತು ತಣ್ಣಗಿರುತ್ತದೆ, ಅಚ್ಚಿಗೆ ಹೊಯ್ದು ಮಾಡುವ ಪ್ಲಾಸ್ಟಿಕ್‌ನಂಥ ರೆಸಿನ್ ಬೇಗ ಕೈಗೆ ಬಿಸಿಯಾಗುತ್ತದೆ, ಬದಿಯಲ್ಲಿ ಅಚ್ಚಿನ ಗೆರೆಯೂ ಇರಬಹುದು. ರೆಸಿನ್ ಅಂದರೆ ಕೀಳೇನಲ್ಲ, ಕಲ್ಲಿನ ದುಡ್ಡು ಕೊಡಬೇಡಿ ಅಷ್ಟೇ. ಪುರಾತನ ಎಂದು ಹೇಳಿದರೆ ಅದು ಯಾರ ಕೈಯಿಂದ ಯಾರ ಕೈಗೆ ಬಂತು ಎಂಬ ಕಾಗದ ಕೇಳಿ. ಕದ್ದ ಪುರಾತನ ವಸ್ತುಗಳ ಸಾಗಾಟ ತಡೆಯಲು 1970ರಲ್ಲೇ ಯುನೆಸ್ಕೋ ಒಪ್ಪಂದ ಆಗಿದೆ. ಕಾಗದ ಇಲ್ಲ ಅಂದರೆ ಸುಮ್ನೆ ಎದ್ದು ಬನ್ನಿ.

ಇರುವುದನ್ನೆಲ್ಲ ಒಟ್ಟಿಗೆ ಇಡಲೇಬೇಕೆಂದಿಲ್ಲ. ನಾನು ನಾಲ್ಕೈದು ಮಾತ್ರ ಹೊರಗಿಡುತ್ತೇನೆ, ಮೂರು ತಿಂಗಳಿಗೊಮ್ಮೆ ಬದಲಾಯಿಸುತ್ತೇನೆ. ಒಳಗಿಡುವಾಗ ನ್ಯೂಸ್‌ಪೇಪರ್ ಸುತ್ತಬೇಡಿ, ಶಾಯಿ ಅಂಟುತ್ತದೆ. ಒಗೆದ ಹಳೇ ಹತ್ತಿ ಬಟ್ಟೆ ಸಾಕು. ಪೆಟ್ಟಿಗೆಯ ಮೇಲೆ ಒಳಗಿರುವುದರ ಫೋಟೋ ಅಂಟಿಸಿ. ಇಲ್ಲದಿದ್ದರೆ ನನ್ನ ಹಾಗೆ ಒಂದು ಹಕ್ಕಿ ಹುಡುಕಲು ಹನ್ನೊಂದು ಪೆಟ್ಟಿಗೆ ಬಿಚ್ಚಬೇಕಾಗುತ್ತದೆ.