ವೇದಿಕೆಯಿಲ್ಲದ ಕಲಾಹಬ್ಬವನ್ನು ನಾವು ಕಟ್ಟಿದ್ದು ಹೀಗೆ

ಸಾಗರ ತಾಲ್ಲೂಕಿನ ನಮ್ಮೂರಿನಲ್ಲಿ ಕೆಲವು ವರ್ಷಗಳಿಂದ ನಡೆಸುತ್ತಿರುವ ಕಲಾಹಬ್ಬಕ್ಕೆ ಮುಖ್ಯ ವೇದಿಕೆ ಎಂಬುದಿಲ್ಲ. ಗಣ್ಯರಿಗೆ ಕುರ್ಚಿಯ ಸಾಲಿಲ್ಲ, ಹಾರ ತುರಾಯಿ ಇಲ್ಲ, ಒಂದೇ ದಿನಕ್ಕೆ ಮುಗಿಯುವುದೂ ಇಲ್ಲ. ಗದ್ದೆಯ ಪೈರನ್ನು ಪೂಜಿಸುವ ಭೂಮಿ ಹುಣ್ಣಿಮೆಗೆ ಶುರುವಾಗಿ, ದೀಪಾವಳಿಯಲ್ಲಿ ಮುಂದುವರಿದು, ಅಡಿಕೆ ಕೊಯ್ಲಿನ ಗಡಿಬಿಡಿ ತೀರಿದ ಮೇಲೆ ಫೆಬ್ರುವರಿಯ ಕೊನೆಗೆ ಡೊಳ್ಳು, ಯಕ್ಷಗಾನಗಳೊಂದಿಗೆ ಸಮಾಪ್ತಿಯಾಗುತ್ತದೆ. ತಮ್ಮೂರಲ್ಲೂ ಇಂಥದ್ದನ್ನು ಮಾಡಬೇಕೆಂದಿರುವವರು ನನ್ನನ್ನು ವಿಚಾರಿಸುತ್ತಲೇ ಇರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಉತ್ಸವಗಳಲ್ಲಿ ಜಾನಪದ ತಂಡಕ್ಕೆ ಹತ್ತು ನಿಮಿಷ ಕೊಡುವುದು ರೂಢಿ. ಡೊಳ್ಳಿನವರ ಹೆಜ್ಜೆ ಹದಕ್ಕೆ ಬರುವಷ್ಟರಲ್ಲಿ ನಿರೂಪಕರು ಮುಂದಿನ ತಂಡದ ಹೆಸರು ಕೂಗುತ್ತಾರೆ. ಇದನ್ನು ನೋಡಿ ನೋಡಿ ನನಗೆ ನೋವಾಗಿತ್ತು. ಹಾಗಾಗಿ ನಾವು ಕೆಲವರು ಸೇರಿ, ಊರಲ್ಲೇ ಒಂದು ಹಬ್ಬ ಮಾಡೋಣ, ಎಲ್ಲರಿಗೂ ಸಾಕಷ್ಟು ಸಮಯ ಕೊಡೋಣ ಎಂದು ಮಾತಾಡಿಕೊಂಡೆವು. ಆಗ ನಮ್ಮ ಲೆಕ್ಕದಲ್ಲಿದ್ದುದು ಬೇಸಿಗೆಯ ಎರಡು ದಿನ. ದೀಪಾವಳಿಯಲ್ಲಿ ದೀಪ ಹಿಡಿದು ಮನೆಮನೆಗೆ ಹಾಡುತ್ತ ಹೋಗುವ ಅಂಟಿಗೆ ಪಂಟಿಗೆಯ ಹಿರಿಯರೊಬ್ಬರ ಮನೆಗೆ ಹೋಗಿ ಕೇಳಿದಾಗ ಅವರು ಕವಳ ಉಗಿದು ಬಂದು ಕುಳಿತು, "ತಮ್ಮಾ, ಬಲೀಂದ್ರನೇ ಬಾರದ ದಿನ ದೀಪ ಹೊತ್ತುಕೊಂಡು ಯಾರ ಮನೆ ಬಾಗಿಲು ತೆಗೆಸಲಿ?" ಎಂದರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಮನೆಗೆ ಬರುವ ದಾರಿಯಲ್ಲೇ ತೀರ್ಮಾನವಾಯಿತು: ಕಲೆಗಳನ್ನು ನಮ್ಮ ದಿನಾಂಕಕ್ಕೆ ಎಳೆದು ತರುವುದು ಬೇಡ, ಅವುಗಳ ದಿನಕ್ಕೆ ನಾವೇ ಹೋಗೋಣ.

ಮೊದಲನೆಯದು ಚಿತ್ತಾರ. ಇದು ನಮ್ಮ ಕಡೆಯ ದೀವರ ಸಮುದಾಯದ ಹೆಣ್ಣುಮಕ್ಕಳ ಕಲೆ. ಮದುವೆಯ ಮನೆಯಲ್ಲಿ ಹಸೆಗೋಡೆಗೆ ಬರೆಯುತ್ತಾರೆ, ಭೂಮಿ ಹುಣ್ಣಿಮೆಗೆ, ಗದ್ದೆಗೆ ಪೂಜೆಯ ಅಡುಗೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೆ ಬರೆಯುತ್ತಾರೆ. ವಿಜಯದಶಮಿ ಕಳೆದು ಹುಣ್ಣಿಮೆಗೆ ಉಳಿಯುವ ಐದು ದಿನಗಳೇ ನಮ್ಮ ಹಬ್ಬದ ಮೊದಲ ಭಾಗ. ಬಿದಿರಿನ ಬುಟ್ಟಿಗಳಿಗೆ, ದೊಡ್ಡದೊಂದು ಚಿಕ್ಕದೊಂದು, ಸಗಣಿ ಸಾರಿಸಿ ಕೆಮ್ಮಣ್ಣು ಬಳಿಯುತ್ತಾರೆ. ಬಿಳಿಗೆ ನೆನೆಸಿದ ಅಕ್ಕಿ ಅರೆಯುತ್ತಾರೆ, ಕಪ್ಪಿಗೆ ಅಕ್ಕಿಯನ್ನು ಕರಕಾಗುವವರೆಗೆ ಹುರಿಯುತ್ತಾರೆ, ಹಳದಿಗೆ ಗುರಿಗೆ ಕಾಯಿ. ಕುಂಚವೆಂದರೆ ಪುಂಡಿ ಗಿಡದ ನಾರಿನ ಎಳೆಗಳು.

ಗೋಡೆಯ ವಿಷಯದಲ್ಲಿ ಒಂದು ಮಾತು. ಊರಿನ ಬಹುಪಾಲು ಮನೆಗಳಿಗೆ ಈಗ ಸಿಮೆಂಟಿನ ಗಾರೆ, ಅದರ ಮೇಲೆ ಪೇಂಟು. ಅಂಥ ಗೋಡೆಯ ಮೇಲೆ ಕೆಮ್ಮಣ್ಣು ನಿಲ್ಲದೆ ಚಕ್ಕೆ ಏಳುತ್ತದೆ. ಪ್ಲೈವುಡ್ ಹಲಗೆ ತರಿಸೋಣ ಎಂದವರಿದ್ದರು. ನಾನು ಒಪ್ಪಲಿಲ್ಲ. ಒಬ್ಬರ ಹಳೆಯ ಕೊಟ್ಟಿಗೆಯ ಮಣ್ಣಿನ ಗೋಡೆಯನ್ನು ಬಿಟ್ಟುಕೊಡುವಂತೆ ಕೇಳಿಕೊಂಡು, ಸೋಗೆ ಬದಲಿಸಿ, ಗೋಡೆಗೆ ಹೊಸದಾಗಿ ಮಣ್ಣು ಮೆತ್ತಿಸಿದೆವು. ಅಲ್ಲಿ ಒಬ್ಬ ಅಜ್ಜಿ ಬರೆಯುವುದನ್ನು ನೋಡಲು ನಾನು ಪ್ರತಿ ವರ್ಷ ಹೋಗಿ ಕೂರುತ್ತೇನೆ. ನಾರನ್ನು ಅಕ್ಕಿಹಿಟ್ಟಿನಲ್ಲಿ ಅದ್ದಿ, ಗರಟೆಯ ಅಂಚಿಗೆ ಒತ್ತಿ ಹೆಚ್ಚಾದುದನ್ನು ಇಳಿಸಿ, ನಾರಿನ ಉದ್ದಕ್ಕೂ ಗೋಡೆಗೆ ತಾಗುವಂತೆ ಮಲಗಿಸಿ ಎಳೆಯುತ್ತಾರೆ. ಅಳತೆಪಟ್ಟಿ ಇಲ್ಲ, ಪೆನ್ಸಿಲಿನ ಗುರುತಿಲ್ಲ. ಮೊಳದುದ್ದದ ಗೆರೆ ಎಲ್ಲೂ ದಪ್ಪವಾಗದೆ, ಎಲ್ಲೂ ತುಂಡಾಗದೆ ಸಾಗುತ್ತದೆ. ಕಲಿಯಲು ಬಂದ ಹುಡುಗಿಯರಿಗೆ ಮೊದಲ ದಿನವೆಲ್ಲ ಬರಿಯ ಗೆರೆ. ನಿಲಿ ಕೊಚ್ಚು, ತಿರಿಗೆ ಮಣೆಗಳಂಥ ವಿನ್ಯಾಸಗಳ ಸರದಿ ಬರುವುದು ಆಮೇಲೆ.

ಹುಣ್ಣಿಮೆಯ ಹಿಂದಿನ ರಾತ್ರಿ ಮನೆಗಳಲ್ಲಿ ಯಾರೂ ಮಲಗುವುದಿಲ್ಲ. ಹೊಡೆ ತುಂಬಿದ ಪೈರೆಂದರೆ ಬಸುರಿ, ಅವಳ ಬಯಕೆಗೆ ಅಡುಗೆಯಾಗಬೇಕು: ಕಡುಬು, ಬುತ್ತಿಯನ್ನ, ಹತ್ತಾರು ಬಗೆಯ ಸೊಪ್ಪು ಬೇಯಿಸಿದ ಚರಗ. ಬೆಳಕು ಹರಿಯುವ ಮೊದಲೇ ಬುಟ್ಟಿ ಹೊತ್ತು ಗದ್ದೆಗೆ ಹೊರಡುತ್ತಾರೆ. ನೋಡಲು ಬರುವವರನ್ನು ಗುಂಪಾಗಿ ಕಳಿಸದೆ ಒಂದೊಂದು ಮನೆಗೆ ಇಬ್ಬರು ಮೂವರಂತೆ ಹಂಚುತ್ತೇವೆ. ಮನೆಯವರು ಒಪ್ಪಿದರೆ ಮಾತ್ರ. ಅಂಚಿನ ಮೇಲೆ ಬರಿಗಾಲಲ್ಲಿ ನಡೆಯಬೇಕು, ಪೂಜೆಯ ಹೊತ್ತಿನಲ್ಲಿ ಮೊಬೈಲ್ ತೆಗೆಯಬಾರದು. ಅದು ಮನೆಯವರ ಪೂಜೆ, ನಮಗೆ ಅಲ್ಲಿ ಸಿಗುವುದು ಅತಿಥಿಯ ಜಾಗ. ಈ ಎರಡು ನಿಯಮಗಳನ್ನು ನಾನು ಯಾರಿಗೂ ಸಡಿಲಿಸಿಲ್ಲ.

ಹದಿನೈದು ದಿನ ಕಳೆದರೆ ದೀಪಾವಳಿ. ಇಲ್ಲಿ ನಾವು ಮಾಡುವ ಕೆಲಸ ತೀರಾ ಕಡಿಮೆ, ಏಕೆಂದರೆ ಅಂಟಿಗೆ ಪಂಟಿಗೆಯವರಿಗೆ ನಮ್ಮ ವ್ಯವಸ್ಥೆ ಬೇಕಿಲ್ಲ. ಊರ ದೇವರ ಮುಂದೆ ಹಚ್ಚಿದ ದೀಪ ಹಿಡಿದು ಮನೆಯಿಂದ ಮನೆಗೆ ಹೊರಡುತ್ತಾರೆ. ಮುಚ್ಚಿದ ಬಾಗಿಲ ಮುಂದೆ ನಿಂತು ಬಾಗಿಲು ತೆಗೆಯುವ ಪದ ಹಾಡುತ್ತಾರೆ. ಒಳಗಿನವರು ಬಾಗಿಲು ತೆರೆದು ದೀಪಕ್ಕೆ ಎಣ್ಣೆ ಎರೆಯುತ್ತಾರೆ, ಆ ದೀಪದಿಂದ ತಮ್ಮ ದೀಪ ಹಚ್ಚಿಕೊಳ್ಳುತ್ತಾರೆ, ಅಕ್ಕಿ, ಕಾಯಿ, ಹೋಳಿಗೆ ಕೊಡುತ್ತಾರೆ. ದೀಪ ಮಾತ್ರ ಆರಬಾರದು. ಇಂಥ ರಾತ್ರಿಯನ್ನು ವೇದಿಕೆಯ ಮೇಲೆ ತರುವುದೆಂದರೆ ಬಾಗಿಲನ್ನೂ ಎಣ್ಣೆಯನ್ನೂ ಮನೆಯವರನ್ನೂ ಬಿಟ್ಟು ಬರಿಯ ಹಾಡನ್ನು ತಂದಂತೆ. ನಾವು ಮಾಡಿಕೊಂಡದ್ದು ಇಷ್ಟೇ: ಬೀದಿದೀಪ ಆರಿಸಲು ಒಪ್ಪಿಗೆ ಪಡೆದೆವು, ಪಟಾಕಿಯನ್ನು ಸಂಜೆಯೇ ಮುಗಿಸುವಂತೆ ಮನೆಮನೆಗೆ ಹೇಳಿದೆವು, ತಂಡದೊಂದಿಗೆ ಹೈಸ್ಕೂಲಿನ ಹುಡುಗರನ್ನು ಕಳಿಸಿದೆವು. ಕಣಿವೆಯ ಆಚೆಯ ಒಂಟಿ ಮನೆಗಳವರೆಗೂ ಅವರು ನಡೆಯುತ್ತಾರೆ. ಸೊಲ್ಲಿಗೆ ಸೊಲ್ಲು ಕೂಡಿಸುತ್ತಲೇ ಪದ ಬಾಯಿಗೆ ಬರುತ್ತದೆ.

ನವೆಂಬರಿನಿಂದ ಯಾರ ಕೈಯೂ ಖಾಲಿ ಇರುವುದಿಲ್ಲ. ಅಡಿಕೆಯ ಕೊನೆ ಇಳಿಸುವುದು, ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಈ ನಡುವೆ ಸಭೆ ಕರೆದರೂ ಯಾರೂ ಬರುವುದಿಲ್ಲ, ಕರೆಯುವುದೂ ನ್ಯಾಯವಲ್ಲ. ಅಡಿಕೆ ಮಂಡಿಗೆ ಹೋದ ಮೇಲೆ ಅಂಗಳವೂ ಖಾಲಿ, ಕೈಯಲ್ಲಿ ಸ್ವಲ್ಪ ಕಾಸೂ ಇರುತ್ತದೆ. ಹಬ್ಬದ ಕೊನೆಯ ಭಾಗಕ್ಕೆ ಅದೇ ಹೊತ್ತು.

ಡೊಳ್ಳನ್ನು ಇಳಿಹೊತ್ತಿಗೇ ಇಡುತ್ತೇವೆ. ಮಲೆನಾಡಿನ ಇಬ್ಬನಿಗೆ ತೊಗಲು ಸಡಿಲಾಗಿ ನಾದ ಮಂಕಾಗುತ್ತದೆ. ಮಧ್ಯಾಹ್ನವೆಲ್ಲ ಬಿಸಿಲಿಗಿಟ್ಟು ಹಗ್ಗ ಬಿಗಿದ ಡೊಳ್ಳಿನ ಗುಡುಗೇ ಬೇರೆ. ಮೈಕಿನ ಅಗತ್ಯವೇ ಇಲ್ಲ. ಬೀರೇಶ್ವರನ ಒಕ್ಕಲಾದ ಹಾಲುಮತದವರ ಈ ಕುಣಿತವನ್ನು ನಮ್ಮ ಜಿಲ್ಲೆಯಲ್ಲಿ ಮಹಿಳೆಯರ ತಂಡಗಳೂ ಕುಣಿಯುತ್ತವೆ. ತಂಡ ದಣಿದು ತಾನಾಗಿ ನಿಲ್ಲಿಸುವವರೆಗೆ ಯಾರೂ ಗಂಟೆ ಹೊಡೆಯುವುದಿಲ್ಲ. ಮುಸ್ಸಂಜೆಗೆ ಒಬ್ಬರ ಜಗಲಿಯಲ್ಲಿ ಗಮಕ, ಅಂದರೆ ಕಾವ್ಯವನ್ನು ರಾಗವಾಗಿ ವಾಚಿಸುವುದು. ಶಿವಮೊಗ್ಗದ ಪಕ್ಕದ ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರು. ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಜಗಲಿಗೂ ಕೇಳುಗರು ಹೆಚ್ಚಿದರು. ರಾತ್ರಿ ಬಡಗುತಿಟ್ಟು ಶೈಲಿಯ ಯಕ್ಷಗಾನ, ಬೆಳಗಿನವರೆಗೆ. ಕಾಲಮಿತಿಯ ಪ್ರಯೋಗಗಳ ಬಗ್ಗೆ ನನಗೆ ತಕರಾರಿಲ್ಲ, ಆದರೆ ವರ್ಷಕ್ಕೊಂದು ಪೂರ್ಣರಾತ್ರಿಯ ಆಟ ಊರಿಗೆ ಬೇಕು. ಕಲಾವಿದರು ವೇಷ ಕಟ್ಟುವ ಚೌಕಿಗೆ ಮಾಡಿರುವ ಶಾಲೆಯ ಕೋಣೆಗೆ ಒಳ್ಳೆಯ ಬೆಳಕು, ನೀರು, ಶೌಚಾಲಯ ಇದೆಯೇ ಎಂದು ಮೊದಲು ನೋಡುತ್ತೇನೆ. ಚಪ್ಪರದ ಅಲಂಕಾರ ಆಮೇಲೆ. ವೇಷಧಾರಿಗಳಿಗೆ ಊಟ ಮೊದಲು, ನಮಗೆ ನಂತರ.

ಹಳ್ಳಿಯಲ್ಲಿ ಇಷ್ಟು ಹೊತ್ತು ಯಾರು ಕೂರುತ್ತಾರೆ ಎಂಬ ಪ್ರಶ್ನೆ ನಮ್ಮ ಸೀಮೆಯಲ್ಲಿ ಏಳಬಾರದು. ನಮ್ಮ ತಾಲ್ಲೂಕಿನ ಹೆಗ್ಗೋಡಿನಲ್ಲಿ ನೀನಾಸಂ ನಾಟಕ ಸಂಸ್ಥೆ ಹುಟ್ಟಿದ್ದು 1949ರಲ್ಲಿ. ಅಡಿಕೆ ತೋಟದವರೇ ನಾಟಕ ಮಾಡಿ, ನಾಟಕ ನೋಡಿ, ಮರುದಿನ ಅದರ ಬಗ್ಗೆ ಚರ್ಚಿಸುತ್ತ ಬೆಳೆದ ನೆಲ ಇದು.

ಹಣದ ವಿಷಯ. ಅಡಿಕೆ ಬೆಳೆಗಾರರು ನಗದು ಕೊಡುತ್ತಾರೆ. ಉಳಿದವರು ಅಕ್ಕಿ, ಕಾಯಿ, ಬಾಳೆಎಲೆ, ಹಾಲು ಕೊಡುತ್ತಾರೆ ಅಥವಾ ಒಂದು ದಿನದ ಆಳಾಗಿ ದುಡಿಯುತ್ತಾರೆ. ಎಲ್ಲವೂ ಒಂದೇ ಪುಸ್ತಕದಲ್ಲಿ ಬರೆದಿರುತ್ತದೆ, ಸಭೆಯಲ್ಲಿ ಗಟ್ಟಿಯಾಗಿ ಓದುತ್ತೇವೆ. ಗೌರವಧನವನ್ನು ಕಲಾವಿದರು ಬಸ್ ಹತ್ತುವ ಮೊದಲೇ ಕೈಗೆ ಕೊಡುತ್ತೇವೆ. ಚಿತ್ತಾರ ಬರೆಯುವ ಹೆಂಗಸರಿಗೂ ಯಕ್ಷಗಾನದ ಕಲಾವಿದರಿಗೂ ದಿನದ ಲೆಕ್ಕ ಒಂದೇ. "ಮನೆಯಲ್ಲಿ ಹೇಗೂ ಬರೆಯುವುದಲ್ಲವೇ, ಅದಕ್ಕೇಕೆ ದುಡ್ಡು?" ಎಂದು ಸಮಿತಿಯಲ್ಲಿ ಮಾತು ಬಂದಿತ್ತು. ಐದು ದಿನ ಬಾಗಿ ನಿಂತು ಬರೆದ ಬೆನ್ನಿಗೂ ರಾತ್ರಿಯಿಡೀ ಕುಣಿದ ಕಾಲಿಗೂ ಬೆಲೆ ಸಮ ಎಂದು ನಾನು ಪಟ್ಟು ಹಿಡಿದೆ. ಅದು ನಿರ್ಣಯ ಪುಸ್ತಕದಲ್ಲಿ ದಾಖಲಾಗಿದೆ.

ಸದ್ಯ ನಮಗಿರುವ ಚಿಂತೆ ಪುಂಡಿಯದು. ಬೆಳೆಯುವವರು ಕಡಿಮೆಯಾಗಿದ್ದಾರೆ, ನಾರಿಲ್ಲದೆ ಆ ಗೆರೆ ಬರುವುದಿಲ್ಲ. ಅಂಗಡಿಯ ಬ್ರಷ್ಷಿನಲ್ಲಿ ಬರೆದು ನೋಡಿದ ಅಜ್ಜಿ ಅದನ್ನು ಪಕ್ಕಕ್ಕಿಟ್ಟರು. ಹೀಗಾಗಿ ಬೀಜ ತರಿಸಿ, ಮಳೆ ಹಿಡಿಯುವ ಹೊತ್ತಿಗೆ ಬೇಲಿಯ ಬದಿಯಲ್ಲಿ ಬಿತ್ತಲು ಒಪ್ಪಿದ ಮನೆಗಳಿಗೆ ಹಂಚಿದ್ದೇವೆ. ಬೇರೆ ಊರಿನವರು ಕೇಳಿದರೆ ಬೀಜ ಕೊಡುತ್ತೇವೆ. ದಂಟನ್ನು ನೆನೆಹಾಕಿ ನಾರು ಬಿಡಿಸುವುದನ್ನು ಕಲಿಯಬೇಕೆಂದಿರುವವರು ವಿಜಯದಶಮಿಗೆ ಮೊದಲೇ ಬರಬೇಕು. ಆಮೇಲೆ ಬಂದರೆ ಬುಟ್ಟಿಯ ಕೆಲಸದಲ್ಲಿ ಯಾರಿಗೂ ಬಿಡುವಿರುವುದಿಲ್ಲ.