‘ನಿಮ್ಮ ಹೆಸರಲ್ಲಿ ತಗೊಳ್ಳಿ ಅಣ್ಣ’ ಅಂದರೆ ಒಪ್ಪಬೇಡಿ

ಅಮೆರಿಕದಿಂದ ರಜೆಗೆ ಶ್ರೀನಿವಾಸಪುರದ ಹತ್ತಿರದ ನಮ್ಮೂರಿಗೆ ಬಂದಿದ್ದೇನೆ. ಪಕ್ಕದ ಮನೆ ಹುಡುಗನಿಗೆ ವೀಸಾ ಆಗಿದೆ, ಮುಂದಿನ ತಿಂಗಳು ಡಲ್ಲಾಸ್‌ಗೆ ಹೊರಡುತ್ತಾನೆ. ನಿನ್ನೆ ಸಂಜೆ ಜಗಲಿ ಮೇಲೆ ಕೂತು ಏನೇನು ಮಾಡಬೇಕು ಅಂತ ಕೇಳಿದ. ಸೋಷಿಯಲ್ ಸೆಕ್ಯುರಿಟಿ ನಂಬರ್, ಬ್ಯಾಂಕ್ ಖಾತೆ, ಡ್ರೈವಿಂಗ್ ಲೈಸೆನ್ಸ್, ಎಲ್ಲ ಎರಡು ಮಾತಿನಲ್ಲಿ ಮುಗಿಯಿತು. ಅದನ್ನು ಆಫೀಸಿನವರೇ ಹೇಳಿಕೊಡುತ್ತಾರೆ. ಆಮೇಲೆ ದನಿ ತಗ್ಗಿಸಿ ಕೇಳಿದ: "ಅಲ್ಲಿ ಮನೆಮನೇಲೂ ಗನ್ ಇರುತ್ತಂತೆ ಅಲ್ವಾ? ವೀಸಾದವರಿಗೆ ಕೊಡಲ್ಲ ಅಂದ್ರೆ ನಿಮ್ಮ ಹೆಸರಲ್ಲಿ ತಗೋಬಹುದಾ ಅಣ್ಣ?"

ಇದೇ ಮಾತನ್ನು 2019ರಲ್ಲಿ ಇನ್ನೊಬ್ಬ ಹುಡುಗ ನನ್ನನ್ನು ಕೇಳಿದ್ದ. ಆಗ ‘ಆಯ್ತು’ ಅಂದಿದ್ದೆ. ರಾತ್ರಿ ನಿದ್ದೆ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಕಡೆ ಹೆಸರು ಅನ್ನೋದು ಕೈಸಾಲದ ಹಾಗೆ ಓಡಾಡುತ್ತದೆ. ಸಿಮ್ ಭಾವನ ಹೆಸರಲ್ಲಿ, ಟ್ರ್ಯಾಕ್ಟರ್ ಸಾಲ ಚಿಕ್ಕಪ್ಪನ ಹೆಸರಲ್ಲಿ, ಸೈಟು ಅತ್ತಿಗೆ ಹೆಸರಲ್ಲಿ, ಡೈರಿಗೆ ಹಾಲು ಹಾಕುವ ಪುಸ್ತಕ ಅಜ್ಜಿ ಹೆಸರಲ್ಲಿ. ನನ್ನ ಮೊದಲ ಬೈಕು ಸೋದರಮಾವನ ಹೆಸರಲ್ಲಿತ್ತು. ಇದನ್ನು ಯಾರೂ ಸುಳ್ಳು ಅನ್ನುವುದಿಲ್ಲ. ನಂಬಿಕೆ ಅನ್ನುತ್ತೇವೆ. ಅಮೆರಿಕದ ಗನ್ ಅಂಗಡಿಯಲ್ಲಿ ಇದೇ ನಂಬಿಕೆ ಅಪರಾಧ. ಅದೂ ಸಣ್ಣ ಅಪರಾಧ ಅಲ್ಲ.

2019ರಲ್ಲಿ ಕೇಳಿದ ಆ ಹುಡುಗ ಚಿಂತಾಮಣಿ ಕಡೆಯವನು, ನನ್ನ ಹೆಂಡತಿಗೆ ದೂರದ ಸಂಬಂಧ. ಎಚ್‌1ಬಿ, ಅಂದರೆ ಕೆಲಸದ ವೀಸಾ. ಅವನಿದ್ದ ಅಪಾರ್ಟ್‌ಮೆಂಟಿನಲ್ಲಿ ಎರಡು ಮನೆ ಆಚೆ ಕಳ್ಳರು ನುಗ್ಗಿದ್ದರು. ಅವನ ಹೆಂಡತಿ ತುಂಬು ಬಸುರಿ. ಅವನ ಭಯ ನಿಜವಾದದ್ದು, ಅದನ್ನು ನಾನು ಇವತ್ತಿಗೂ ಹಗುರ ಮಾಡಲ್ಲ. ನನಗೆ ಗ್ರೀನ್ ಕಾರ್ಡ್ ಇತ್ತು, ಅಂದರೆ ಅಲ್ಲೇ ಕಾಯಂ ಇರುವ ಪರವಾನಗಿ, ಹಾಗಾಗಿ ಗನ್ ಕೊಳ್ಳಬಹುದಿತ್ತು. 550 ಡಾಲರ್ ನನ್ನ ಖಾತೆಗೆ ಹಾಕಿದ. ಶನಿವಾರ ಇಬ್ಬರೂ ಅಂಗಡಿಗೆ ಹೋದೆವು.

ಗಾಜಿನ ಕೌಂಟರ್ ಮೇಲೆ ಪಿಸ್ತೂಲು ಇಟ್ಟರು. ಅವನು ಕೈಗೆ ತಗೊಂಡು ನೋಡಿದ. ನನ್ನ ಮುಂದೆ ಫಾರಂ ಇಟ್ಟರು, ಅದರ ನಂಬರ್ 4473. ಅದರಲ್ಲಿ ಒಂದು ಪ್ರಶ್ನೆ: ಈ ಗನ್ನನ್ನು ನಿಜವಾಗಿ ಕೊಳ್ಳುತ್ತಿರುವವರು ನೀವೇನಾ? ಅದರ ಜೊತೆಗೇ ಒಂದು ಎಚ್ಚರಿಕೆ: ಬೇರೆಯವರ ಪರವಾಗಿ ತಗೊಳ್ಳುತ್ತಿದ್ದರೆ ನಿಜವಾದ ಖರೀದಿದಾರ ನೀವಲ್ಲ. ನಾನು ಓದಿದೆ. ಓದಿಯೂ ‘ಹೌದು’ ಅನ್ನುವ ಚೌಕದ ಮೇಲೆ ಪೆನ್ನು ಇಟ್ಟೆ. ಕಾರ್ಡ್ ಉಜ್ಜುವವನು ನಾನು, ಸಹಿ ಹಾಕುವವನು ನಾನು, ಕೊಳ್ಳುವವನು ನಾನೇ ಅಲ್ವಾ ಅಂದುಕೊಂಡೆ. ಅಷ್ಟರಲ್ಲಿ ಅಂಗಡಿಯ ಹಿರಿಯರು ಕೇಳಿದರು, "ಇದು ಯಾರಿಗೆ?" ಸೀರೆ ಅಂಗಡಿಯಲ್ಲಿ ‘ಇದು ತಂಗಿಗೆ’ ಅನ್ನುತ್ತೇವಲ್ಲ, ಅದೇ ಸಲೀಸಿನಲ್ಲಿ ಹುಡುಗನ ಕಡೆ ಕೈ ತೋರಿಸಿ "ಅವನಿಗೆ" ಅಂದೆ.

ಅವರು ಫಾರಮ್ಮನ್ನು ನನ್ನ ಕೈಕೆಳಗಿಂದ ಎಳೆದುಕೊಂಡರು. ಪಿಸ್ತೂಲನ್ನು ಒಳಗಿಟ್ಟು ಬೀಗ ಹಾಕಿದರು. ಇವತ್ತು ನಿಮಗೆ ಏನೂ ಮಾರಲ್ಲ, ಹೊರಡಿ ಅಂದರು. ಕಾರಿನಲ್ಲಿ ಕೂತಮೇಲೂ ನನ್ನ ಕೈ ನಡುಗುತ್ತಿತ್ತು. ‘ನನಗೇ’ ಅಂತ ಒಂದು ಸುಳ್ಳು ಹೇಳಿ ಸಹಿ ಹಾಕಿಬಿಟ್ಟಿದ್ದರೆ? ಹದಿನೈದು ವರ್ಷ ಕಟ್ಟಿಕೊಂಡ ಬದುಕನ್ನು ಒಂದು ಚೌಕದೊಳಗೆ ಸುರಿಯಲು ಹೊರಟಿದ್ದೆ. ಆ ಸಿಟ್ಟು ನನ್ನ ಮೇಲೆ ನನಗೆ ಇನ್ನೂ ಆರಿಲ್ಲ.

ಆ ಫಾರಂನಲ್ಲಿ ಸುಳ್ಳು ಬರೆದರೆ 10 ವರ್ಷದವರೆಗೆ ಜೈಲು, ಎರಡೂವರೆ ಲಕ್ಷ ಡಾಲರ್‌ವರೆಗೆ ದಂಡ. 2022ರ ಜೂನ್‌ನಲ್ಲಿ ಇನ್ನೊಂದು ಕಾನೂನು ಬಂತು. ಗನ್ ಇಟ್ಟುಕೊಳ್ಳಬಾರದವನು ಅಂತ ಗೊತ್ತಿದ್ದೂ ಅವನ ಪರವಾಗಿ ಕೊಂಡರೆ 15 ವರ್ಷದವರೆಗೆ. ಆ ಗನ್ ದೊಡ್ಡ ಅಪರಾಧಕ್ಕೋ ಭಯೋತ್ಪಾದನೆಗೋ ಡ್ರಗ್ಸ್ ದಂಧೆಗೋ ಬಳಕೆಯಾಗುತ್ತದೆ ಅಂತ ಗೊತ್ತಿದ್ದರೆ 25 ವರ್ಷದವರೆಗೆ. ನಮ್ಮಂಥವರಿಗೆ ಇದರ ಮೇಲೆ ಇನ್ನೊಂದು ಏಟು: ಗನ್ನಿನ ಕೇಸಿನಲ್ಲಿ ಶಿಕ್ಷೆಯಾದರೆ ಗ್ರೀನ್ ಕಾರ್ಡ್ ಇದ್ದವರನ್ನೂ ದೇಶದಿಂದ ಕಳಿಸಬಹುದು.

‘ತಗೊಳ್ಳುವವನು ಒಳ್ಳೆಯವನು, ಯಾವ ಕೇಸೂ ಇಲ್ಲ’ ಅಂತ ವಾದ ಮಾಡುವವರು ಇದ್ದಾರೆ. ಅವರಿಗೆ ನಾನು ಅಬ್ರಾಮ್ಸ್ಕಿ ಕೇಸು ಹೇಳುತ್ತೇನೆ. ವರ್ಜೀನಿಯಾದವನು, ಹಿಂದೆ ಪೊಲೀಸ್ ಆಗಿದ್ದವನು. ಪೊಲೀಸರಿಗೆ ಸಿಗುವ ರಿಯಾಯಿತಿಯಲ್ಲಿ ಪೆನ್ಸಿಲ್ವೇನಿಯಾದ ಮಾವನಿಗೆ (ಹೆಂಡತಿಯ ಅಪ್ಪ ಅಲ್ಲ, ಅಂಕಲ್) ಒಂದು ಗ್ಲಾಕ್ ಪಿಸ್ತೂಲು ಕೊಡಿಸಿದ. ಮಾವ 400 ಡಾಲರ್ ಚೆಕ್ ಕಳಿಸಿದ್ದರು. ಮಾವನಿಗೂ ಗನ್ ಇಟ್ಟುಕೊಳ್ಳುವ ಹಕ್ಕು ಪೂರ್ತಿ ಇತ್ತು. ಆದರೂ 2014ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5-4ರ ಬಹುಮತದಲ್ಲಿ ತಪ್ಪು ತಪ್ಪೇ ಅಂತ ಎತ್ತಿಹಿಡಿಯಿತು. ಮಾವ, ಅಳಿಯ, ರಿಯಾಯಿತಿ. ನಮ್ಮ ಮನೆಯಲ್ಲೂ ಹೀಗೇ ಅಲ್ವಾ ನಡೆಯೋದು?

ಉಡುಗೊರೆ ಬೇರೆ. ನಿಮ್ಮದೇ ದುಡ್ಡಿನಲ್ಲಿ ಕೊಂಡು, ಏನೂ ವಾಪಸ್ ಪಡೆಯದೆ, ಹಕ್ಕಿರುವವರಿಗೆ ಕೊಟ್ಟರೆ ಅದು ನಿಮ್ಮ ಖರೀದಿಯೇ. ಆದರೆ ಎಚ್‌1ಬಿ, ಎಫ್‌1 (ಓದುವವರ ವೀಸಾ) ತರಹದ ವೀಸಾದಲ್ಲಿ ಇರುವವರಿಗೆ ಉಡುಗೊರೆಯಾಗಿಯೂ ಕೊಡಬೇಡಿ. ಅವರು ಗನ್ನಾಗಲಿ ಗುಂಡಾಗಲಿ ಇಟ್ಟುಕೊಳ್ಳುವ ಹಾಗಿಲ್ಲ. ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ, ಆದರೆ ಅದನ್ನು ವಕೀಲರ ಹತ್ತಿರ ಕೂತು ಕೇಳಿ, ಗೆಳೆಯರ ಹತ್ತಿರ ಅಲ್ಲ. ಸುಮ್ನೆ ಮೋಜಿಗೆ ಅಂತ ಶೂಟಿಂಗ್ ರೇಂಜಿಗೆ ಹೋಗಿ ಬಾಡಿಗೆ ಗನ್ ಹಿಡಿದು ಫೋಟೊ ಹಾಕುತ್ತಾರಲ್ಲ ನಮ್ಮ ಹುಡುಗರು, ವಿನಾಯಿತಿ ಇಲ್ಲದಿದ್ದರೆ ಅದೂ ತಪ್ಪು. ಫೋಟೊವೇ ಸಾಕ್ಷಿ. ಊರಿಗೆ ಬರುವಾಗ ಬ್ಯಾಗಿನ ಮೂಲೆಮೂಲೆ ತಡಕಿ ನೋಡಿ. ಒಂದೇ ಒಂದು ಗುಂಡು ಸಿಕ್ಕರೂ ಇಲ್ಲಿ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಕೇಸು.

ವಿಷಯ ತಿಳಿದು ಹುಡುಗನ ಅಮ್ಮ ಚಿಂತಾಮಣಿಯಿಂದ ಫೋನ್ ಮಾಡಿದರು. "ಒಂದು ಹೆಸರು ಕೊಡೋಕೆ ಆಗಲಿಲ್ವಾ ನಿಮಗೆ?" ಅಂದರು. ಆ ಮಾತು ಚುಚ್ಚಿತು. ಇಲ್ಲ ಅನ್ನುವುದು ನಮಗೆ ಯಾರೂ ಕಲಿಸಿಲ್ಲ. ನೆಂಟರಿಗೆ ಇಲ್ಲ ಅಂದರೆ ನೆಂಟಸ್ತನವೇ ಹರಿದ ಹಾಗೆ.

ನನ್ನ ಮಗಳು ಒಂದನೇ ಕ್ಲಾಸಿನಲ್ಲಿದ್ದಾಗ ಬಂದು ಹೇಳಿದ್ದಳು: "ಇವತ್ತು ಲೈಟ್ ಆರಿಸಿ, ಗೋಡೆಗೆ ಒರಗಿ, ಉಸಿರು ಬಿಡದ ಹಾಗೆ ಕೂತಿದ್ವಿ." ಗನ್ ಹಿಡಿದವನು ಬಂದರೆ ಏನು ಮಾಡಬೇಕು ಅನ್ನುವ ಅಭ್ಯಾಸ ಅದು. ನಾವು ಗ್ರಹಣ ಹಿಡಿದಾಗ ಮಾತ್ರ ಹಾಗೆ ಬಾಗಿಲು ಹಾಕಿಕೊಂಡು ಕೂತವರು. ಬೇಸಗೆಯಲ್ಲಿ ಇದೇ ಜಗಲಿ ಮೇಲೆ ಮಲಗಿ ಬೆಳೆದವರು. ಅವಳಿಗೆ ಅದನ್ನು ಕೊಡಲು ನನ್ನಿಂದ ಆಗಲಿಲ್ಲ.

ಗನ್ ನನಗೆ ಹೊಸದೇನಲ್ಲ. ಅಪ್ಪನ ಹತ್ತಿರ ಒಂಟಿ ನಳಿಕೆಯ ತುಪಾಕಿ ಇತ್ತು. ಹಂದಿ ಕಾಟಕ್ಕೆ ಅಂತ ಬೆಳೆ ರಕ್ಷಣೆಯ ಲೈಸೆನ್ಸ್. ಚುನಾವಣೆ ಬಂದರೆ ಹಳೇ ಪಂಚೆಯಲ್ಲಿ ಸುತ್ತಿ ಠಾಣೆಗೆ ಒಪ್ಪಿಸಿ ಬರುತ್ತಿದ್ದರು. ರಸೀದಿಯನ್ನು ಲೈಸೆನ್ಸ್ ಪುಸ್ತಕದೊಳಗೆ ಮಡಚಿ ಇಡುತ್ತಿದ್ದರು. ಒಂದು ಸಲ ದೊಡ್ಡಪ್ಪ ಶೇಂಗಾ ಹೊಲ ಕಾಯಲು ಒಂದು ರಾತ್ರಿಗೆ ತುಪಾಕಿ ಕೇಳಿದರು. ಎತ್ತು, ಪಂಪ್‌ಸೆಟ್, ದುಡ್ಡು, ಯಾವುದಕ್ಕೂ ಇಲ್ಲ ಅನ್ನದ ಅಪ್ಪ ಅವತ್ತು ಅಂದರು, "ಇದು ನನ್ನ ಹೆಸರಲ್ಲಿದೆ ಅಣ್ಣಯ್ಯ. ಕೊಡೋ ಹಾಗಿಲ್ಲ. ನಾನೇ ಬಂದು ಕೂರ್ತೀನಿ." ಕಂಬಳಿ ಹೊದ್ದು ಹೋಗಿ ಬೆಳಗಿನ ತನಕ ದೊಡ್ಡಪ್ಪನ ಹೊಲದಲ್ಲಿ ಕೂತರು. ಅಂಗಡಿಯ ಕೌಂಟರ್ ಮುಂದೆ ನನಗೆ ಇದು ನೆನಪಾಗಲೇ ಇಲ್ಲ.

ನೆನಪಾದದ್ದು ಆ ರಾತ್ರಿ. ಹುಡುಗನ 550 ಡಾಲರ್ ವಾಪಸ್ ಹಾಕಿದೆ. ನಾನು, ನನ್ನ ಹೆಂಡತಿ, ಮಗಳು ಹಾಸಿಗೆ ಸುತ್ತಿಕೊಂಡು ಅವರ ಮನೆಗೆ ಹೋಗಿ ಹಾಲ್‌ನಲ್ಲಿ ಮಲಗಿದೆವು. ಮಾರನೇ ದಿನ ಬಾಗಿಲಿಗೆ ಗಟ್ಟಿ ಬೋಲ್ಟು, ಕ್ಯಾಮೆರಾ ಹಾಕಿಸಿದೆವು. ಹೆರಿಗೆ ಆಗುವ ತನಕ ಅವನು ನೈಟ್ ಶಿಫ್ಟಿನಲ್ಲಿ ಇದ್ದಾಗೆಲ್ಲ ನನ್ನ ಹೆಂಡತಿ ಅಲ್ಲೇ ಮಲಗುತ್ತಿದ್ದಳು.

ನಿನ್ನೆ ಈ ಹುಡುಗನಿಗೂ ನನ್ನ ಅಲ್ಲಿನ ನಂಬರ್ ಬರೆದುಕೊಟ್ಟೆ. "ಹೆಸರು ಕೇಳಬೇಡ ಕಣಪ್ಪ. ಭಯ ಆದರೆ ಎಷ್ಟು ಹೊತ್ತಾದರೂ ಫೋನ್ ಮಾಡು, ನಾನೇ ಬರ್ತೀನಿ" ಅಂದೆ.